ಅಳಿವೆಯನ್ನು ಗುಡಿಸಿದವಳು

ಹೊಳೆ ಕಡಲನ್ನು ಸೇರುವ ಅಳಿವೆಯ ದಂಡೆಯ ಊರು ಬೊರ್ನೆಲೋದಲ್ಲಿ ಹೆಂಗಸಿನ ಗುಣವನ್ನು ಅವಳ ಅಡುಗೆಮನೆಯ ನೆಲ ನೋಡಿ ಹೇಳುತ್ತಿದ್ದರು. ಗಂಡಸಿನದನ್ನು ಹೀಗೆ ಏನನ್ನಾದರೂ ನೋಡಿ ಹೇಳುವ ಪದ್ಧತಿ ಇರಲಿಲ್ಲ; ಅವನು ದೋಣಿ ಹತ್ತಿ ಹೋಗಿ ಬಂದರೆ ಸಾಕು. ನೆಲದ ಲೆಕ್ಕದಲ್ಲಿ ದೋಸಿಂದಾಳನ್ನು ಮೀರಿಸುವವಳು ಅಳಿವೆಯ ಎರಡು ದಂಡೆಯಲ್ಲೂ ಇರಲಿಲ್ಲ. ಅವಳ ಮನೆಯ ನೆಲದ ಮೇಲೆ ರೊಟ್ಟಿ ಇಟ್ಟುಕೊಂಡು ತಿನ್ನಬಹುದು ಎಂದು ಊರು ಹೇಳುತ್ತಿತ್ತು. ಹಾಗೆ ತಿಂದವರು ಮಾತ್ರ ಯಾರೂ ಇಲ್ಲ. ಪುಡಿ ಉದುರಿದರೆ ಅವಳ ಮುಖ ನೋಡಲಾಗುತ್ತಿರಲಿಲ್ಲ.

ಅವಳೇನು ಕಡಲಂಚಿನಲ್ಲಿ ಹುಟ್ಟಿದವಳಲ್ಲ. ಗಲೀಸಿಯಾದ ಒಳನಾಡಿನ ಬೆಟ್ಟದ ಹಳ್ಳಿಯವಳು. ಅಲ್ಲಿ ಮನೆಯ ಕೆಳಗೆ ಹಸುಗಳು, ಮೇಲೆ ಮನುಷ್ಯರು. ಚಳಿಗಾಲದಲ್ಲಿ ಹಸುಗಳ ಮೈಯ ಬಿಸಿ ಹಲಗೆಯ ಸಂದಿನಿಂದ ಮೇಲೆ ಬರುತ್ತಿತ್ತು, ಜೊತೆಗೆ ವಾಸನೆಯೂ. ಸೆವೆರಿನೋನನ್ನು ಮದುವೆಯಾಗಿ ಇಳಿದು ಬಂದ ವಾರದಲ್ಲೇ ಅತ್ತೆ ಬಾಲ್ಬಿನಾ ಸೊಸೆಯ ಪೆಟ್ಟಿಗೆ ತೆರೆದು ಒಂದೊಂದೇ ಬಟ್ಟೆಯನ್ನು ಮೂಗಿಗೆ ಹಿಡಿದು ನೋಡಿದಳು.

"ಸಗಣಿ ವಾಸನೆ ಹೋಗೋಕೆ ಎರಡು ತಲೆಮಾರು ಬೇಕು ಅಂತಾರೆ. ನೋಡೋಣ," ಎಂದಳು.

ಎರಡು ತಲೆಮಾರು ಕಾಯುವ ತಾಳ್ಮೆ ದೋಸಿಂದಾಳಿಗೆ ಇರಲಿಲ್ಲ. ಅವಳು ಉಜ್ಜತೊಡಗಿದಳು. ಬ್ಲೀಚಿಂಗ್ ನೀರಿಗೆ ಕೈಯ ಚರ್ಮ ಸುಲಿದು ಬಂತು. ಬಾಲ್ಬಿನಾ ಧೂಳಿದೆಯೇ ಎಂದು ಮೇಜಿನ ಅಡಿಗೆ ಬೆರಳಾಡಿಸಿ ನೋಡುವುದನ್ನು ಯಾವಾಗ ನಿಲ್ಲಿಸಿದಳೋ ಗೊತ್ತಿಲ್ಲ. ಆದರೆ ಅವಳು ನಿಲ್ಲಿಸುವ ಹೊತ್ತಿಗೆ ದೋಸಿಂದಾಳೇ ಆ ಕೆಲಸ ಶುರುಮಾಡಿದ್ದಳು. ಪರರ ಮನೆಗೆ ಹೋದರೆ ಮಾತಾಡುತ್ತಲೇ ಅವಳ ಬೆರಳು ಮೇಜಿನ ಅಡಿಗೆ ಹೋಗುತ್ತಿತ್ತು. ಸೆವೆರಿನೋ ದೂರದ ಕಡಲಿನ ಬಲೆದೋಣಿಗಳಲ್ಲಿ ದುಡಿದು, ಮಂಡಿ ಸವೆಸಿಕೊಂಡು, ಬೇಗನೇ ಮನೆಯಲ್ಲಿ ಕೂತ. ಅವಳು ನೆಲ ಒರೆಸುವಾಗ ಅವನು ಟೀವಿಯಿಂದ ಕಣ್ಣು ತೆಗೆಯದೆ ಎರಡು ಕಾಲೂ ಎತ್ತುತ್ತಿದ್ದ. ಮನೆಗೆಲಸದಲ್ಲಿ ಅವನ ಪಾಲು ಅಷ್ಟು.

ಕಡಲಿನ ಕೆಲಸವನ್ನು ಕಲಿಸಿದವಳೂ ಬಾಲ್ಬಿನಾಳೇ. ಇಳಿತದ ಹೊತ್ತಿಗೆ ಅಳಿವೆಯ ನೀರು ಹಿಂದೆ ಸರಿದು ಮರಳದಿಣ್ಣೆ ಬೆನ್ನು ತೋರಿಸುತ್ತದೆ. ಆಗ ಊರ ಹೆಂಗಸರು ಎದೆಮಟ್ಟದ ರಬ್ಬರ್ ಉಡುಪು ತೊಟ್ಟು, ಬಕೆಟ್ಟು ಹಿಡಿದು, ಕಬ್ಬಿಣದ ಹಲ್ಲುಗಳಿರುವ ಹಲ್ಲುಗೋರೆ ಹೊತ್ತು ಇಳಿಯುತ್ತಾರೆ. ಬಗ್ಗಿ ಮರಳು ಕೆರೆದು ಕಪ್ಪೆಚಿಪ್ಪು ಆಯುತ್ತಾರೆ. ಯಾವ ಹೊತ್ತಿಗೆ ಇಳಿಯಬೇಕೆಂದು ಹೇಳುವವನು ಚಂದ್ರ. ಯಾವ ಹೊತ್ತಿಗೆ ಊಟ ಮೇಜಿಗೆ ಬರಬೇಕೆಂದು ಹೇಳುವವನು ಸೆವೆರಿನೋ. ಇಬ್ಬರ ಹೊತ್ತೂ ಕೂಡಿ ಬರುವುದು ಅಪರೂಪ. ನಡು ಮಧ್ಯಾಹ್ನ ಇಳಿತವಿದ್ದರೆ ದೋಸಿಂದಾ ನಸುಕಿನಲ್ಲೇ ಕೋಸಿನೆಲೆ, ಆಲೂಗಡ್ಡೆ, ಹಂದಿಯ ಎಲುಬು ಹಾಕಿ ಸಾರು ಕುದಿಸಿ, ಪಾತ್ರೆಗೆ ಕಂಬಳಿ ಸುತ್ತಿಟ್ಟು ಓಡುತ್ತಿದ್ದಳು. ಆದರೂ ಅವನು ಗೆಳೆಯರ ಮುಂದೆ ಹೇಳುತ್ತಿದ್ದದ್ದು, "ನನ್ನ ಹೆಂಡ್ತಿ ಕಡಲ ಕಡೆ ಒಂದು ಸುತ್ತು ಹಾಕ್ಕೊಂಡು ಬರ್ತಾಳೆ," ಎಂದು.

ಆ ಒಂದು ಸುತ್ತಿನಿಂದಲೇ ದೋಸಿಂದಾಳ ಹೆಸರಿನಲ್ಲಿ ಒಂದು ಬ್ಯಾಂಕ್ ಖಾತೆಯಾಯಿತು, ವಯಸ್ಸಾದ ಮೇಲೆ ಪಿಂಚಣಿ ಬರುವ ಹಕ್ಕಾಯಿತು. ಬಾಲ್ಬಿನಾಳ ಕಾಲದಲ್ಲಿ ಸಿಕ್ಕಿದವಳಿಗೆ ಸಿಕ್ಕಷ್ಟು. ಉಗುರಿನಷ್ಟು ಮರಿಯನ್ನೂ ಬಿಡದೆ ಬಾಚಿ ಹೆಂಗಸರು ಒಬ್ಬರ ಜುಟ್ಟು ಒಬ್ಬರು ಹಿಡಿಯುತ್ತಿದ್ದರು. ದೋಸಿಂದಾಳ ಕಾಲಕ್ಕೆ ಹೆಂಗಸರೇ ಸಂಘ ಕಟ್ಟಿದರು. ಸಣ್ಣದನ್ನು ಅಳತೆಯ ಬಳೆಯಲ್ಲಿ ತೂರಿಸಿ ನೋಡಿ ವಾಪಸು ಮರಳಿಗೆ ಹಾಕಬೇಕು, ಕಳ್ಳರು ಬಾರದಂತೆ ಸರದಿ ಪ್ರಕಾರ ದಿಣ್ಣೆ ಕಾಯಬೇಕು, ಮೇಲೆ ಕಟ್ಟಿಕೊಳ್ಳುವ ಹಸಿರು ಪಾಚಿಯನ್ನು ಎಲ್ಲರೂ ಸೇರಿ ತೆಗೆಯಬೇಕು. ನಿಯಮಗಳನ್ನು ಪಾಲಿಸುವುದರಲ್ಲಿ ದೋಸಿಂದಾಳಿಗಿಂತ ಕಟ್ಟುನಿಟ್ಟಿನವರಿಲ್ಲ ಎಂದು ಅವಳನ್ನೇ ದಿಣ್ಣೆಯ ಮುಖ್ಯಸ್ಥೆ ಮಾಡಿದರು. ಬೆಟ್ಟದಿಂದ ಬಂದವಳಿಗೆ ಇದಕ್ಕಿಂತ ದೊಡ್ಡ ಬಿರುದು ಇನ್ನಾವುದಿದೆ? ಸಾಯುವ ಮುನ್ನ ಬಾಲ್ಬಿನಾ ಕೂಡ, "ಇವಳು ನಮ್ಮವಳೇ," ಎಂದಿದ್ದಳು.

ದಿಣ್ಣೆಯ ಕೆಳಭಾಗದ ತುಂಬ ಕಡಲಹುಲ್ಲು ಬೆಳೆದಿತ್ತು. ಉದ್ದುದ್ದ ಪಟ್ಟಿಯಂಥ ಹುಲ್ಲು. ನೀರು ಇಳಿದಾಗ ಒದ್ದೆ ಕೂದಲಿನ ಹಾಗೆ ಮರಳಿಗೆ ಅಂಟಿ ಮಲಗುತ್ತಿತ್ತು. ನೀರು ಬಂದಾಗ ಎದ್ದು ತೂಗಾಡುತ್ತಿತ್ತು. ಗೋರೆಯ ಹಲ್ಲಿಗೆ ಸಿಕ್ಕಿಕೊಳ್ಳುತ್ತಿತ್ತು, ಬೂಟಿಗೆ ಸುತ್ತಿಕೊಳ್ಳುತ್ತಿತ್ತು, ಶರತ್ಕಾಲದಲ್ಲಿ ಕಿತ್ತು ಬಂದು ದಂಡೆಯ ಮೇಲೆ ರಾಶಿ ಬಿದ್ದು ನಾರುತ್ತಿತ್ತು. ಪಾಚಿ ತೆಗೆಯುವ ಕೆಲಸ ಮುಗಿದ ಒಂದು ದಿನ ದೋಸಿಂದಾ ಸೊಂಟ ನೇರ ಮಾಡಿ ಆ ಕಡೆ ನೋಡಿದಳು. ಗುಡಿಸಿದ ಮನೆಯಲ್ಲಿ ಒಂದು ಮೂಲೆ ಬಿಟ್ಟ ಹಾಗೆ ಕಂಡಿತು ಅವಳಿಗೆ.

"ಇದನ್ನೂ ತೆಗೆದುಬಿಡೋಣ," ಎಂದಳು.

"ಅಷ್ಟೂನಾ?" ಎಂದಳು ಲುಸ್ದಿವಿನಾ. ಅವಳು ದೋಸಿಂದಾಳ ಪಕ್ಕದ ಮನೆಯವಳು, ಗೆಳತಿ, ದಿಣ್ಣೆಯ ಮೇಲೆ ಎಲ್ಲರನ್ನೂ ನಗಿಸುವವಳು. "ಕಾರ್ಮೆನ್ ತಾಯಿಯಾಣೆ, ನಮ್ಮ ಸೊಂಟ ಏನು ಅಂಗಡೀಲಿ ಸಿಗುತ್ತಾ?"

"ಜನ್ಮವೆಲ್ಲಾ ಗಂಡಸರ ಮನೆ ಗುಡಿಸಿದೀವಿ. ಇದು ನಮ್ಮದೇ ಮನೆ ಕಣೇ. ಇದನ್ನ ಕೊಳಕಾಗಿ ಇಟ್ಕೊಳ್ಳೋದಾ?"

ಆ ಮಾತು ಎಲ್ಲರ ಎದೆಗೂ ತಾಗಿತು. ಕೇಳಲು ಚೆನ್ನಾಗಿದ್ದ ಮಾತೇ. ಸಂಘದಲ್ಲಿ ಕಡಲಿನ ವಿಷಯ ಓದಿಕೊಂಡವರು ಆಗ ಯಾರೂ ಇರಲಿಲ್ಲ. ಪಕ್ಕದ ಅಳಿವೆಯ ಸಂಘದಲ್ಲಿದ್ದರು, ಹೋಗಿ ಕೇಳಬಹುದಿತ್ತು. ಕೊಳೆ ತೆಗೆಯಲು ಯಾರನ್ನಾದರೂ ಕೇಳುತ್ತಾರೆಯೇ ಎಂದು ಕೇಳಲಿಲ್ಲ.

ದಿಣ್ಣೆಯನ್ನು ಪಾಲು ಮಾಡಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟರು. ಇಳಿತ ಇಳಿತಕ್ಕೂ ಬಗ್ಗಿ ಬುಡಸಮೇತ ಕಿತ್ತರು. ಬೇರು ಸುಲಭಕ್ಕೆ ಬರುತ್ತಿರಲಿಲ್ಲ; ಜಡೆ ಹೆಣೆದ ಹಾಗೆ ಮರಳೊಳಗೆ ಒಂದಕ್ಕೊಂದು ಹೆಣೆದುಕೊಂಡಿತ್ತು. ಅದೇ ಅವರಿಗೆ ಹುರುಪಾಯಿತು. ಹಟಮಾರಿ ಕಲೆ ಉಜ್ಜುವವರಿಗೆ ಬರುವ ಹುರುಪು ಅದು.

ಒಬ್ಬಳು ಮಾತ್ರ ಕೀಳಲಿಲ್ಲ. ತೊರೆ ಬಂದು ಕೂಡುವ ಮೂಲೆಯ ತುಂಡು ಎರುಂದಿನಾಳ ಪಾಲಿಗೆ ಬಂದಿತ್ತು. ಎರುಂದಿನಾಳ ಮನೆ ಊರಿಗೆಲ್ಲ ಗಾದೆಯಾಗಿದ್ದ ಮನೆ. ಒಂದೇ ಕೊಕ್ಕೆಯಲ್ಲಿ ನೇತಾಡುವ ಪರದೆ, ಅಡುಗೆಮನೆಯೊಳಗೆ ಓಡಾಡುವ ಕೋಳಿ, ತೊಟ್ಟಿಯ ತುಂಬ ತೊಳೆಯದ ತಟ್ಟೆ. ಆ ತಟ್ಟೆಗಳಲ್ಲಿ ತಿಂದ ಅವಳ ಗಂಡ ದಾರೀಯೋನಿಗೂ ಎರಡು ಕೈ ಇವೆಯಲ್ಲ ಎಂದು ಯಾರೂ ಹೇಳಿದ್ದಿಲ್ಲ. ಎಲ್ಲರೂ ಬಗ್ಗಿ ಕೀಳುತ್ತಿದ್ದಾಗ ಅವಳು ಬಂಡೆಯ ಮೇಲೆ ಕೂತು ಮೆಕ್ಕೆಜೋಳದ ರೊಟ್ಟಿಗೆ ಚೀಸ್ ಸೇರಿಸಿ ತಿನ್ನುತ್ತಿದ್ದಳು. ದೋಸಿಂದಾ ಗೋರೆ ಊರಿ ನಿಂತು, ಎಲ್ಲರಿಗೂ ಕೇಳುವಂತೆ ಕೂಗಿದಳು:

"ಎರುಂದಿನಾ, ನಿನ್ನ ಮನೆ ಹೇಗೋ ನಿನ್ನ ಪಾಲಿನ ಮರಳೂ ಹಾಗೇ ಕಣೇ! ಎರಡಕ್ಕೂ ಬೂಟು ಹಾಕ್ಕೊಂಡೇ ಇಳೀಬೇಕು!"

ದಿಣ್ಣೆ ತುಂಬ ನಗು ಎದ್ದಿತು. ಲುಸ್ದಿವಿನಾ ನಕ್ಕು ನಕ್ಕು ಬಕೆಟ್ಟಿನ ಮೇಲೆ ಕೂತಳು. ಎರುಂದಿನಾ ರೊಟ್ಟಿಯನ್ನು ಚೀಲಕ್ಕೆ ಹಾಕಿಕೊಂಡಳು. ಬಗ್ಗಲಿಲ್ಲ.

ಸಾಮೂಹಿಕ ಕೆಲಸಕ್ಕೆ ತಪ್ಪಿಸಿಕೊಂಡವರನ್ನು ಆ ಋತುವಿಗೆ ಪಟ್ಟಿಯಿಂದ ಬಿಡಬೇಕೆಂಬ ನಿಯಮವಿತ್ತು. ಚಿಪ್ಪು ತೂಗುವ ಶೆಡ್ಡಿನಲ್ಲಿ ಸಭೆ ಸೇರಿತು. ಸೂಚನೆ ತಂದವಳು ದೋಸಿಂದಾ, ಮೊದಲು ಕೈ ಎತ್ತಿದವಳೂ ದೋಸಿಂದಾ. ಉಳಿದ ಕೈಗಳೂ ಒಂದೊಂದಾಗಿ ಎದ್ದವು. ಎರುಂದಿನಾ ಎಲ್ಲ ಕೈಗಳನ್ನೂ ನೋಡಿದಳು. "ಈ ಋತುವಿಗೆ ಯಾಕೆ? ಪೂರ್ತಿ ಇಟ್ಕೊಳ್ಳಿ," ಎಂದು ಪರವಾನಗಿಯ ಕಾರ್ಡನ್ನು ತಕ್ಕಡಿಯ ಮೇಲೆ ಬಿಸಾಕಿ ಹೋದಳು. ಹೆದ್ದಾರಿಯ ಪಕ್ಕದ ಹೋಟೆಲಿನಲ್ಲಿ ಕೋಣೆ ಗುಡಿಸಿ ಒರೆಸುವ ಕೆಲಸಕ್ಕೆ ಸೇರಿದಳೆಂದು ಆಮೇಲೆ ಸುದ್ದಿ ಬಂತು. "ಅಂತೂ ಕಸಬರಿಗೆ ಹಿಡಿಯೋಕೆ ಕಲಿತಳು," ಎಂದಳು ದೋಸಿಂದಾ. ಅದಕ್ಕೂ ನಕ್ಕರು. ಅವಳ ಪಾಲಿನ ಮೂಲೆಯ ಹುಲ್ಲು ಮಾತ್ರ ಬೇರೆ ಯಾರ ಪಾಲಿಗೂ ಬಾರದೆ ಹಾಗೇ ಉಳಿಯಿತು.

ಮೊದಲ ವರ್ಷ ಹಬ್ಬ. ಗೋರೆ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯುತ್ತಿತ್ತು. ದೋಸಿಂದಾ ದಂಡೆಯ ಮೇಲೆ ನಿಂತು ಬಿಸಿಲಿಗೆ ಹೊಳೆಯುವ ಬೋಳು ಮರಳನ್ನು ನೋಡಿ, ಒಗೆದು ಇಸ್ತ್ರಿ ಮಾಡಿದ ಚಾದರ ನೋಡಿದಂತೆ ಸುಖಪಟ್ಟಳು.

ಮರುವರ್ಷದ ಬೇಸಿಗೆಯಲ್ಲಿ ಅಳತೆಯ ಬಳೆಗೆ ಕೆಲಸವಿಲ್ಲದಾಯಿತು. ವಾಪಸು ಹಾಕಲು ಸಣ್ಣವೇ ಇರಲಿಲ್ಲ. ಇದ್ದ ದೊಡ್ಡವೂ ಬಿಸಿಲಿಗೆ ಬಾಯಿ ಬಿಟ್ಟು ಸತ್ತವು. ಚಳಿಗಾಲದ ಬಿರುಗಾಳಿಗಳು ಬಂದಾಗ ದಿಣ್ಣೆಯ ಮರಳೇ ಜಾಗ ಬದಲಿಸಿತು. ಕೆಳಭಾಗ ತಗ್ಗಾಗಿ, ಮೊದಲು ದೂರದಲ್ಲೇ ಸುಸ್ತಾಗುತ್ತಿದ್ದ ಅಲೆಗಳು ನೇರ ಕೆಳಬೀದಿಗೆ ನುಗ್ಗಿದವು. ದೋಸಿಂದಾಳ ಅಡುಗೆಮನೆಯಲ್ಲಿ ಹಿಮ್ಮಡಿ ಮುಚ್ಚುವಷ್ಟು ಕೆಸರು ನಿಂತಿತು. ಅವಳು ಅದನ್ನು ಬಳಿದು ಹೊರಗೆ ಸುರಿದಳು, ಬ್ಲೀಚಿಂಗ್ ನೀರು ಹಾಕಿ ಉಜ್ಜಿದಳು. ಯಾವುದರಿಂದ ಯಾವುದಾಯಿತು ಎಂದು ಅವಳಿಗೆ ಇನ್ನೂ ಹೊಳೆದಿರಲಿಲ್ಲ.

ಹೊಳೆದದ್ದು ಇರಿಯಾ ಬಂದ ಮೇಲೆ. ಕಡಲಿನ ಜೀವಿಗಳ ಬಗ್ಗೆ ಓದಿದ ಹುಡುಗಿ. ಸಂಘ ಅವಳನ್ನು ಕೊನೆಗೂ ಕೆಲಸಕ್ಕೆ ಇಟ್ಟುಕೊಂಡಿತ್ತು. ಮೊದಲ ಇಳಿತಕ್ಕೆ ದೋಸಿಂದಾಳೇ ಅವಳನ್ನು ದಿಣ್ಣೆಗೆ ಕರೆದೊಯ್ದಳು, ಲುಸ್ದಿವಿನಾ ಮತ್ತಿತರರು ಹಿಂದೆ ಬಂದರು.

"ಇಲ್ಲಿ ಹುಲ್ಲುಗಾವಲು ಇರ್ಬೇಕಿತ್ತಲ್ಲಾ ಅಮ್ಮಾ," ಎಂದಳು ಇರಿಯಾ. "ಹಳೇ ನಕ್ಷೇಲಿ ದೊಡ್ಡದಾಗಿದೆ. ಏನಾಯ್ತು, ರೋಗ ಬಂತಾ?"

"ರೋಗ ಎಲ್ಲಿ ಬಂತು?" ದೋಸಿಂದಾ ಎದೆಯುಬ್ಬಿಸಿ ಹೇಳಿದಳು. "ನಾವೇ ಕಿತ್ತಿದ್ದು! ಎಷ್ಟು ಕೊಳಕಾಗಿತ್ತು ಅಂತೀಯಾ. ಯಂತ್ರ ಇಲ್ಲ, ಗಂಡಸರಿಲ್ಲ. ಇಲ್ಲಿ ಒಂದು ಬುಡ ಬಿಟ್ಟಿಲ್ಲ ನೋಡು, ನನ್ನ ಕೈಯಿಂದ್ಲೇ..."

ಇರಿಯಾಳ ಮುಖ ನೋಡುತ್ತ ನೋಡುತ್ತ ಅವಳ ಮಾತು ತಾನೇ ಸಣ್ಣದಾಯಿತು. ಹುಡುಗಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮರಳ ಮೇಲೆ ಕುಕ್ಕರಗಾಲಲ್ಲಿ ಕೂತು, ಬೋಳು ಮರಳನ್ನು ಅಂಗೈಯಿಂದ ಸವರಿ, ಮೆಲ್ಲಗೆ ಹೇಳಿದಳು. ಚಿಪ್ಪಿನ ಮರಿಗಳು ನೀರಲ್ಲಿ ತೇಲುತ್ತಾ ಬಂದು ಇಳಿದು ನಿಲ್ಲುವುದು ಆ ಹುಲ್ಲಿನ ನಡುವೆ. ಬಿಸಿಲಿಗೆ ನೆರಳು ಅದೇ, ಏಡಿಗಳಿಂದ ಮರೆ ಅದೇ. ಮರಳನ್ನು ಹಿಡಿದು ಕೂಡಿಸುವುದು ಅದರ ಬೇರು. ಅಲೆಯ ಕಾಲು ಮುರಿಯುವುದು ಅದರ ಎಲೆ.

"ಅಂದ್ರೆ ತೊಟ್ಟಿಲನ್ನೇ..." ಎಂದಳು ಲುಸ್ದಿವಿನಾ. ಹಿಂದೆ ನಿಂತವರಲ್ಲಿ ಯಾರೂ ದೋಸಿಂದಾಳ ಕಡೆ ನೋಡಲಿಲ್ಲ. ಆ ನೋಡದಿರುವಿಕೆ ಅವಳ ಬೆನ್ನಿಗೆ ಒದ್ದೆ ಬಟ್ಟೆಯ ಹಾಗೆ ಅಂಟಿಕೊಂಡಿತು.

ಊರು ಸಣ್ಣದು. ಸಂಜೆಯ ಹೊತ್ತಿಗೆ ಹೆಂಡದಂಗಡಿಯಲ್ಲಿ ಸೆವೆರಿನೋ, "ನನ್ನ ಹೆಂಡ್ತಿ ಕಡಲನ್ನೇ ಒರೆಸಿಬಿಟ್ಟಳು ಕಣ್ರೋ. ಸದ್ಯ, ನನ್ನನ್ನ ಬಿಟ್ಟಿದಾಳೆ!" ಎಂದು ನಗಿಸಿದನಂತೆ. ಅವನ ಮಾತಿಗೆ ಅವಳು ಸಿಟ್ಟಾಗಬಹುದಿತ್ತು. ಸಿಟ್ಟಿಗೂ ಒಂದು ನೆಲೆ ಬೇಕು. ಅವಳು ರೊಟ್ಟಿಯಂಗಡಿಗೆ ಜನ ಕಡಿಮೆಯಿರುವ ಹೊತ್ತು ನೋಡಿ ಹೋಗತೊಡಗಿದಳು. ಪೂಜೆಯ ದಿನ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತಳು. ಮನೆಯ ನೆಲ ಒರೆಸಲು ಬಗ್ಗಿದರೆ, ಕೈಗೆ ಆ ಬೇರುಗಳ ಜಗ್ಗಾಟ ನೆನಪಾಗಿ, ಬಟ್ಟೆ ಹಿಡಿದವಳು ಹಾಗೇ ಕೂತುಬಿಡುತ್ತಿದ್ದಳು. ಅವು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದವು! ಅಷ್ಟು ಗಟ್ಟಿಯಾಗಿ ಹಿಡಿದುಕೊಂಡದ್ದು ಏನನ್ನೋ ಹಿಡಿದುಕೊಂಡಿರಬೇಕು ಎಂದು ಒಂದು ಸಲವೂ ತೋಚಲಿಲ್ಲವಲ್ಲ.

ಅಷ್ಟರಲ್ಲಿ ಸರ್ಕಾರದ ಕಡೆಯಿಂದ ಎಚ್ಚರಿಕೆ ಬಂತು: ಮುಂದಿನ ಬೇಸಿಗೆಯಲ್ಲೂ ಮರಿ ಕಾಣದಿದ್ದರೆ ದಿಣ್ಣೆಯನ್ನು ಮುಚ್ಚಲಾಗುವುದು. ಮುಚ್ಚಿದರೆ ಹೆಂಗಸರ ಕೈಯಲ್ಲಿ ಗಂಡನನ್ನು ಕೇಳದೆ ಖರ್ಚು ಮಾಡುವ ಕಾಸಿರುವುದಿಲ್ಲ, ಪಿಂಚಣಿ ಅರ್ಧದಲ್ಲಿ ನಿಲ್ಲುತ್ತದೆ. ಒಂದು ದಾರಿ ಇದೆ ಎಂದಳು ಇರಿಯಾ ಸಭೆಯಲ್ಲಿ. ಹುಲ್ಲನ್ನು ಬೇರುಸಮೇತ ತಂದು ಮತ್ತೆ ನೆಡಬಹುದು, ಬೇರು ಹಿಡಿಯಬಹುದು, ಹಿಡಿಯದಿರಬಹುದು. "ಇಡೀ ಅಳಿವೇಲಿ ಹುಲ್ಲು ಚೆನ್ನಾಗಿ ಉಳಿದಿರೋದು ತೊರೆಯ ಮೂಲೇಲಿ ಮಾತ್ರ. ಯಾರು ನೋಡ್ಕೊಳ್ತಿದ್ರು ಆ ಭಾಗ? ಏನು ಮಾಡಿ ಉಳಿಸಿದ್ರು ಅಂತ ತಿಳೀಬೇಕಿತ್ತು."

ತಕ್ಕಡಿಯ ಸರಪಳಿ ಗಾಳಿಗೆ ಕಿರುಗುಟ್ಟಿತು.

"ನಾನು ಹೋಗಿ ಕೇಳ್ತೀನಿ," ಎಂದಳು ದೋಸಿಂದಾ.

ಎರುಂದಿನಾಳ ಮನೆಯ ಬಾಗಿಲು ತೆರೆದೇ ಇತ್ತು. ಅವಳು ಹೋಟೆಲಿನಿಂದ ಆಗ ತಾನೇ ಬಂದು, ಕೆಲಸದ ನೀಲಿ ಅಂಗಿಯಲ್ಲೇ, ಒಂದು ಕುರ್ಚಿಯ ಮೇಲೆ ತಾನೂ ಇನ್ನೊಂದರ ಮೇಲೆ ತನ್ನ ಕಾಲೂ ಇಟ್ಟುಕೊಂಡು ಹಾಲು ಬೆರೆಸಿದ ಕಾಫಿ ಕುಡಿಯುತ್ತಿದ್ದಳು. ಒಳಕೋಣೆಯಲ್ಲಿ ಯಾರೋ ಮುದುಕರು ಕೆಮ್ಮಿದರು.

"ಬಾ, ಬಾ. ಬೂಟು ಹಾಕ್ಕೊಂಡೇ ಬಂದಿದೀಯಲ್ಲ, ಒಳ್ಳೇದಾಯ್ತು," ಎಂದಳು.

ದೋಸಿಂದಾ ಹೊಸಿಲಲ್ಲೇ ನಿಂತಳು. ಬೂಟು ಬಿಚ್ಚಬೇಕೋ ಬಿಡಬೇಕೋ ತಿಳಿಯಲಿಲ್ಲ.

"ಇರಿಯಾ ಕಳ್ಸಿದಾಳೆ. ನಿನ್ನ ಮೂಲೇಲಿ ಹುಲ್ಲು ಉಳಿದಿದೆ. ಉಳಿಯೋ ಹಾಗೆ ಏನು ಮಾಡ್ತಿದ್ದೆ ಅಂತ ಕೇಳ್ತಿದಾಳೆ."

"ಕೂತ್ಕೊಂಡಿದ್ದೆ."

"ತಮಾಷೆ ಬೇಡ ಎರುಂದಿನಾ."

"ತಮಾಷೆ ಎಲ್ಲಿ ಬಂತು ಮಾರಾಯ್ತಿ? ಮಾವ ಹಾಸಿಗೆ ಹಿಡಿದಿದ್ದಾರೆ. ಬೆಳಿಗ್ಗೆ ಎದ್ದು ಅವರನ್ನ ಮಗ್ಗುಲು ಬದಲಾಯಿಸಿ, ತೊಳೆದು, ಉಣ್ಸಿ, ದಾರೀಯೋಗೆ ಡಬ್ಬಿ ಕಟ್ಟಿ ಕಡಲಿಗೆ ಬರೋ ಹೊತ್ತಿಗೆ ನನ್ನ ಸೊಂಟ ಇರ್ತಿರ್ಲಿಲ್ಲ. ಚಿಪ್ಪು ಆಯೋಕೆ ಬಗ್ಬೇಕು, ಸರಿ, ಅನ್ನದ ಮಾತು, ಬಗ್ತಿದ್ದೆ. ಹುಲ್ಲು ಕೀಳೋಕೂ ಬಗ್ಬೇಕಾ? ಅದರ ಪಾಡಿಗೆ ಅದಿತ್ತು. ನನ್ನ ಪಾಡಿಗೆ ನಾನು ಕೂತೆ."

"ಹುಲ್ಲು ಬೇಕು ಅಂತ ಗೊತ್ತಿತ್ತಾ ನಿಂಗೆ?"

"ನಂಗೇನು ಗೊತ್ತು? ನೀನು ಗೊತ್ತಿಲ್ದೇ ಬಗ್ಗಿದೆ, ನಾನು ಗೊತ್ತಿಲ್ದೇ ಕೂತೆ. ಈಗ ನನ್ನನ್ನ ಸಂತಳನ್ನಾಗಿ ಮಾಡೋಕೆ ಬರಬೇಡಿ. ಮೇಣದಬತ್ತಿ ಹಚ್ಚೋಕೆ ಇಲ್ಲಿ ಜಾಗ ಇಲ್ಲ, ಎಲ್ಲಾ ಕಡೆ ತಟ್ಟೆ."

ದೋಸಿಂದಾ ಏನೋ ಹೇಳಬೇಕೆಂದು ಬಾಯಿ ತೆರೆದಳು. "ನಾನು ಆ ದಿನ... ಸಭೇಲಿ ನಾನು..." ಎಂದಳು. ಕಣ್ಣೆತ್ತಿ ನೋಡಲಾಗದೆ, ಒಳಗೆ ಬಂದು ತಟ್ಟೆ ತುಂಬಿದ ತೊಟ್ಟಿಯ ಕಡೆ ತಿರುಗಿದಳು. ಮಾತು ತಡವರಿಸುತ್ತಿತ್ತು, ಕೈ ಸುಮ್ಮನಿರಲಾರದಾಗಿತ್ತು. ಯಾವಾಗ ನಲ್ಲಿ ತಿರುಗಿಸಿದಳೋ, ಯಾವಾಗ ಸ್ಪಂಜು ಹಿಡಿದಳೋ, ಎರಡು ತಟ್ಟೆ ತೊಳೆದು ಮೂರನೆಯದಕ್ಕೆ ಕೈ ಹಾಕಿದ್ದಳು.

"ಇಡು ಅದನ್ನ."

ಎರುಂದಿನಾ ಜೋರಾಗಿ ಹೇಳಲಿಲ್ಲ. ಕಾಲು ಕುರ್ಚಿಯಿಂದ ಇಳಿಸಿದ್ದಳು.

"ನನ್ನ ತಟ್ಟೆ ಮುಟ್ಬೇಡ. ಕ್ಷಮೆ ಕೇಳೋಕೆ ಬಂದು ಮತ್ತೆ ಅದೇ ಮಾತು ಹೇಳ್ತಿದೀಯಲ್ಲೇ ಕೈಯಲ್ಲಿ! ದಿನಾ ಹೋಟೆಲಲ್ಲಿ ಊರೋರ ಕಕ್ಕಸು ತೊಳೀತೀನಿ, ನಿನ್ನ ದಯೆಯಿಂದ. ಮನೇಲಿ ತೊಳೆಯದೇ ಇರೋದು ನನಗೆ ಉಳಿದಿರೋ ಒಂದೇ ಸುಖ. ಅದನ್ನೂ ಕಿತ್ಕೋಬೇಡ."

ದೋಸಿಂದಾಳ ಕೈಯಿಂದ ನೊರೆ ತೊಟ್ಟಿಕ್ಕಿತು. ಒರೆಸಿಕೊಳ್ಳಲು ಬಟ್ಟೆ ಹುಡುಕುವುದೂ ಅಪರಾಧವೆನಿಸಿ ಹಾಗೇ ನಿಂತಳು. ಅತ್ತೆ ಪೆಟ್ಟಿಗೆಯ ಬಟ್ಟೆ ಮೂಸಿದ ದಿನ ಅವಳ ಮುಖ ನಾಚಿಕೆಗೆ ಸುಟ್ಟಿತ್ತು. ಇವತ್ತು ಸುಟ್ಟದ್ದು ಅದಕ್ಕಿಂತ ಹೆಚ್ಚು; ಅಂದು ತಪ್ಪು ಅವಳದಾಗಿರಲಿಲ್ಲ.

"ಕೂತ್ಕೋ," ಎಂದಳು ಎರುಂದಿನಾ, ಕಾಲಿಟ್ಟಿದ್ದ ಕುರ್ಚಿಯನ್ನು ತಳ್ಳಿ. "ಒರೆಸ್ಬೇಡ, ಹಾಗೇ ಕೂತ್ಕೋ."

ಕುರ್ಚಿಯ ಮೇಲೆ ಕೋಳಿಯ ಪುಕ್ಕವಿತ್ತು. ದೋಸಿಂದಾ ಕೂತಳು.

"ಹುಲ್ಲು ಕಡಲಿಂದು. ತಗೊಂಡು ಹೋಗೋಕೆ ನನ್ನ ಅಪ್ಪಣೆ ಬೇಕಿಲ್ಲ. ಮತ್ತ್ಯಾಕೆ ಬಂದೆ?"

"ನೀನು ವಾಪಸ್ ಬರ್ಬೇಕು, ದಿಣ್ಣೆಗೆ."

"ಕರ್ಕೊಂಡು ಹೋಗೋಕೆ ನೀನೊಬ್ಬಳೇ ಬಂದಿದೀಯ. ಹೊರಗೆ ಹಾಕೋವಾಗ ಎಲ್ರೂ ಇದ್ರು. ನೀನು ಆ ಮಾತು ಎಲ್ಲಿ ಆಡಿದ್ಯೋ ಅಲ್ಲೇ ವಾಪಸ್ ತಗೋ. ಇಲ್ಲಿ ನನ್ನ ಕಿವೀಲಿ ಹೇಳಿದ್ರೆ ನಂಗೇನು ಬಂತು? ನಾನು ಕೊಳಕಿ ಅಂತ ನಂಗೆ ಯಾವತ್ತೂ ಅನ್ಸಿಲ್ಲ. ಅನ್ಸಿದ್ದು ಅವರಿಗೆ."

ಮುಂದಿನ ಸಭೆಗೆ ಎರುಂದಿನಾ ಬಂದು ಬಾಗಿಲ ಬಳಿ ಗೋಡೆಗೊರಗಿ ನಿಂತಳು. ದೋಸಿಂದಾ ತಕ್ಕಡಿಯ ಪಕ್ಕ ಎದ್ದು ನಿಂತಳು. ಮುಖ್ಯಸ್ಥೆಯಾಗಿ ಇದೇ ಜಾಗದಲ್ಲಿ ನಿಂತು ಎಷ್ಟೋ ಮಾತಾಡಿದ್ದಳು.

"ಹುಲ್ಲು ಕೀಳೋಣ ಅಂದವಳು ನಾನು. ಗೊತ್ತಿರ್ಲಿಲ್ಲ, ಅದು ತಪ್ಪು, ಆದ್ರೆ ಅದು ಬೇರೆ," ಎಂದಳು. "ಎರುಂದಿನಾನ ಹೊರಗೆ ಹಾಕಿದ್ದು ಗೊತ್ತಿಲ್ದೇ ಅಲ್ಲ. ಅವಳ ಮಾವ ಹಾಸಿಗೆ ಹಿಡಿದಿರೋದು ಗೊತ್ತಿತ್ತು. ಸೊಂಟ ನೋವಿರೋದು ಗೊತ್ತಿತ್ತು. ಅವಳ ಮನೆ ಗಲೀಜು ಅಂತ ಹಾಕಿದೆ. ನನ್ನ ಮನೆ... ನನ್ನ ಮನೆ ಚೆನ್ನಾಗಿದೆ ಅಂತ ಎಲ್ರೂ ಅನ್ಲಿ ಅಂತ ಹಾಕಿದೆ." ತೂಗಾಡುತ್ತಿದ್ದ ತಕ್ಕಡಿಯನ್ನು ಕೈಯಿಂದ ಹಿಡಿದು ನಿಲ್ಲಿಸಿದಳು. "ನಾನು ಇನ್ನು ಮುಖ್ಯಸ್ಥೆ ಅಲ್ಲ," ಎಂದು ಕೂತುಬಿಟ್ಟಳು.

ಯಾರೂ 'ಹೋಗಲಿ ಬಿಡು' ಎನ್ನಲಿಲ್ಲ. ಹೆಂಗಸರು ತಂತಮ್ಮ ಬೂಟುಗಳನ್ನು ನೋಡುತ್ತಿದ್ದರು. ಅಲ್ಲಿದ್ದವರೆಲ್ಲ ಅಂದು ಕೈ ಎತ್ತಿದವರೇ. ಲುಸ್ದಿವಿನಾ ತನ್ನ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡು ಕೂತಿದ್ದಳು. ಕೊನೆಗೆ ಅವಳೇ, "ನಾನು ನಕ್ಕಿದ್ದೆ," ಎಂದಳು, ಯಾರಿಗೆಂದಿಲ್ಲದೆ.

"ಹೌದು, ಬಕೆಟ್ ಮೇಲೆ ಕೂತ್ಕೊಂಡು," ಎಂದಳು ಎರುಂದಿನಾ ಬಾಗಿಲಿಂದ. "ಹೋಟೆಲಿನೋರಿಗೆ ಈ ತಿಂಗಳು ಮುಗಿಯೋವರೆಗೂ ಮಾತು ಕೊಟ್ಟಿದೀನಿ. ಆಮೇಲೆ ಬರ್ತೀನಿ. ಸೊಂಟ ಮಾತ್ರ ಹಳೇದೇ, ಈಗಲೇ ಹೇಳಿದೀನಿ."

ನೆಡುವ ಕೆಲಸ ವಸಂತದ ದೊಡ್ಡ ಇಳಿತಗಳಲ್ಲಿ ನಡೆಯಿತು. ತೊರೆಯ ಮೂಲೆಯಲ್ಲಿ ದಟ್ಟವಾಗಿದ್ದ ಕಡೆಯಿಂದ ಮಾತ್ರ, ಅಲ್ಲೊಂದು ಇಲ್ಲೊಂದು ಬುಡವನ್ನು ಕೈಯಿಂದ ಬಿಡಿಸಿ, ಒದ್ದೆ ಗೋಣಿಯಲ್ಲಿಟ್ಟು ತಂದು, ಬೋಳು ಮರಳಲ್ಲಿ ಬೆರಳಿಂದ ಕುಳಿ ತೋಡಿ ನೆಡಬೇಕು. ಇಬ್ಬಿಬ್ಬರ ಜೋಡಿ. ಒಬ್ಬಳು ಕುಳಿ ತೋಡಿದರೆ ಇನ್ನೊಬ್ಬಳು ಬೇರು ಮುಚ್ಚಬೇಕು. ದೋಸಿಂದಾಳಿಗೆ ಯಾರೂ ಜೋಡಿ ಆಗಲಿಲ್ಲ. ದ್ವೇಷದಿಂದಲ್ಲ, ಅವಳ ಪಕ್ಕ ನಿಂತರೆ ಸಭೆಯಲ್ಲಿ ಎತ್ತಿದ ತಮ್ಮ ಕೈಯೂ ನೆನಪಾಗುತ್ತಿತ್ತು. ಎರುಂದಿನಾಳಿಗೆ ಕುಳಿ ತೋಡಲು ಬಗ್ಗಲಾಗುವುದಿಲ್ಲವೆಂದು ಇರಿಯಾ ಒಂದು ಮೋಟು ಸ್ಟೂಲು ತಂದುಕೊಟ್ಟಳು. ಜೋಡಿಯಿಲ್ಲದವರಿಬ್ಬರೂ ಹೀಗೆ ಒಟ್ಟಾದರು. ಒಬ್ಬಳು ಸ್ಟೂಲಿನ ಮೇಲೆ ಕೂತು ಬುಡ ಬಿಡಿಸಿ ಕೊಡುವುದು, ಇನ್ನೊಬ್ಬಳು ಮಂಡಿಯೂರಿ ನೆಡುವುದು.

ಕಿತ್ತ ಕೈಗೆ ನೆಡುವುದು ಬರುತ್ತಿರಲಿಲ್ಲ. ದೋಸಿಂದಾ ಬೇರನ್ನು ಒತ್ತಿ ಒತ್ತಿ ಮುಚ್ಚಿದರೆ ಮುರಿಯುತ್ತಿತ್ತು, ಸಡಿಲ ಬಿಟ್ಟರೆ ತೇಲುತ್ತಿತ್ತು. ಮುರಿದದ್ದನ್ನು ಅವಳು ಬದಿಗೆ ಬಚ್ಚಿಡುತ್ತಿದ್ದಳು.

"ಬಚ್ಚಿಡ್ಬೇಡ. ನೋಡ್ದೆ," ಎಂದಳು ಎರುಂದಿನಾ. "ಅದನ್ನೂ ಹೂಳು. ಏನಾಗುತ್ತೋ ಆಗ್ಲಿ."

"ನಿನ್ನ ಹತ್ರ ಕೇಳ್ಬೇಕು..."

"ಕೇಳ್ಬೇಡ. ಮರ್ತಿದೀಯಾ ಅಂತ ತಾನೇ? ಮರ್ತಿಲ್ಲ. ಆ ಹೋಟೆಲಿನ ಒಂದೊಂದು ಕೋಣೇಲೂ ನಿನ್ನ ಆ ಮಾತು ಕೇಳಿದೀನಿ. ಸುಮ್ನೆ ನೆಡು."

ದೋಸಿಂದಾ ನೆಟ್ಟಳು. ನೀರು ತಿರುಗಿತು. ಮೊದಲು ಗೆರೆಯಷ್ಟೇ, ಆಮೇಲೆ ಮಂಡಿಯ ಸುತ್ತ ತಣ್ಣಗೆ. ದಂಡೆಯಿಂದ ಇರಿಯಾ ಸೀಟಿ ಊದಿ ಕರೆದಳು. ಜೋಡಿಗಳೆಲ್ಲ ಬಕೆಟ್ಟು ಎತ್ತಿಕೊಂಡು ಹೊರಟವು.

"ಹಿಡಿಯುತ್ತಾ?" ಎಂದಳು ದೋಸಿಂದಾ.

"ನನ್ನನ್ನ ಕೇಳ್ತೀಯಾ?" ಎರುಂದಿನಾ ಸ್ಟೂಲನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. "ನಾಳೆ ಇಳಿತ ಮಧ್ಯಾಹ್ನಕ್ಕಿದೆ. ಮಾವನಿಗೆ ಊಟ ಹಾಕಿ ಬರೋದು ತಡ ಆಗುತ್ತೆ. ನನ್ನ ಬಿಟ್ಟು ಶುರು ಮಾಡ್ಬೇಡ."

ಅವಳು ಹಿಂದೆ ನೋಡದೆ ದಂಡೆಯ ಕಡೆ ನಡೆದಳು. ದೋಸಿಂದಾ ಸ್ವಲ್ಪ ಹೊತ್ತು ಅಲ್ಲೇ ನಿಂತಳು. ನೀರು ನೆಟ್ಟ ಸಾಲುಗಳ ಮೇಲೆ ಏರಿತು, ಕದಡಿತು. ಯಾವುದು ನಿಂತಿದೆ, ಯಾವುದು ತೇಲಿಹೋಗಿದೆ ಎಂದು ಮೇಲಿಂದ ಏನೂ ಕಾಣುತ್ತಿರಲಿಲ್ಲ.